ಮರುಟಪಾಲು ಇಲ್ಲದ ದ್ವೀಪ

ಸ್ಕಾಟ್ಲೆಂಡಿನ ಪಶ್ಚಿಮ ಕಡಲಲ್ಲಿ, ನಾರ್ತ್ ಯೂಯಿಸ್ಟ್ ದ್ವೀಪದಿಂದಲೂ ಸುಮಾರು 64 ಕಿಲೋಮೀಟರ್ ಆಚೆಗೆ ಸೇಂಟ್ ಕಿಲ್ಡಾ ದ್ವೀಪಗಳಿವೆ. ಅವುಗಳಲ್ಲಿ ದೊಡ್ಡದಾದ ಹಿರ್ಟಾದಲ್ಲಿ ಜನ ಕಡಲಹಕ್ಕಿ ಹಿಡಿದು, ಕುರಿ ಸಾಕಿ, ಒಂದಿಷ್ಟು ಬಾರ್ಲಿ, ಆಲೂಗೆಡ್ಡೆ ಬೆಳೆದು ಶತಮಾನಗಳ ಕಾಲ ಬದುಕಿದ್ದರು. 1930ರಲ್ಲಿ ಊರಿಗೆ ಊರೇ ಖಾಲಿಯಾಯಿತು. ಏಕೆ ಎಂದು ಕೇಳಿದರೆ ದೂರ, ಚಳಿ, ಬಿರುಗಾಳಿ ಎಂಬ ಉತ್ತರ ಸಿಗುವುದು ರೂಢಿ. ಆ ದ್ವೀಪದ ಅಂಚೆಯ ಚರಿತ್ರೆಯನ್ನು ಹಿಡಿದು ನೋಡಿದರೆ ಈ ಉತ್ತರ ಸಾಲದು ಅನ್ನಿಸುತ್ತದೆ. ನಾವು ಮರುಟಪಾಲು ಎನ್ನುತ್ತೇವಲ್ಲ, ಬರೆದ ಕಾಗದಕ್ಕೆ ಇಷ್ಟು ದಿನದಲ್ಲಿ ಉತ್ತರ ಬಂದೇ ಬರುತ್ತದೆ ಎಂಬ ಆ ಭರವಸೆ, ಹಿರ್ಟಾದವರಿಗೆ ಕೆಲವೇ ವರ್ಷ ದಕ್ಕಿ ಆಮೇಲೆ ಕೈತಪ್ಪಿತು. ಊರು ಒಡೆದದ್ದು ಹಾಗೆ ಕೈತಪ್ಪಿದ ಮೇಲೆ.

1877ರ ಜನವರಿಯಲ್ಲಿ ಆಸ್ಟ್ರಿಯಾದ ಹಡಗೊಂದು ಅಲ್ಲಿ ಒಡೆಯಿತು. ಬದುಕುಳಿದ ಒಂಬತ್ತು ನಾವಿಕರಿಗೆ ದ್ವೀಪದವರು ತಮ್ಮ ಪಾಲಿನ ಧಾನ್ಯವನ್ನೇ ಹಂಚಿದರು, ದಾಸ್ತಾನು ಕರಗತೊಡಗಿತು. ಆ ಚಳಿಗಾಲ ಅಲ್ಲೇ ಸಿಕ್ಕಿಕೊಂಡಿದ್ದ ಪತ್ರಕರ್ತ ಜಾನ್ ಸ್ಯಾಂಡ್ಸ್, ಹಡಗಿನ ತೇಲುಬಳೆಯೊಂದಕ್ಕೆ ಪತ್ರ ಕಟ್ಟಿ ಕಡಲಿಗೆ ಬಿಟ್ಟರು. ಅದು ಒಂಬತ್ತು ದಿನಕ್ಕೆ ಆರ್ಕ್‌ನಿ ದ್ವೀಪಗಳ ದಡ ಸೇರಿತು. ಫೆಬ್ರವರಿಯಲ್ಲಿ ನೌಕಾಪಡೆಯ ಜ್ಯಾಕಲ್ ಹಡಗು ಬಂತು. ದ್ವೀಪದವರು ಈ ಉಪಾಯವನ್ನು ಮುಂದೆ ತಮ್ಮದೇ ಅಂಚೆಯಾಗಿ ಮಾಡಿಕೊಂಡರು. ಮರದ ತುಂಡೊಂದನ್ನು ಆಟಿಕೆಯ ದೋಣಿಯಂತೆ ಕೆತ್ತಿ, ನಡುವೆ ಗುಳಿ ತೋಡಿ, ಒಳಗೆ ಡಬ್ಬಿಯಲ್ಲೋ ಶೀಷೆಯಲ್ಲೋ ಪತ್ರವಿಟ್ಟು, ಜೊತೆಗೆ ಸ್ಟಾಂಪಿಗೆಂದು ಒಂದು ಪೆನ್ನಿ ಹಾಕುತ್ತಿದ್ದರು. ಮೇಲೆ ಮುಚ್ಚಳ ಬಡಿದು, ದಯವಿಟ್ಟು ತೆರೆಯಿರಿ ಎಂಬ ಬರಹ ಮೂಡಿಸುತ್ತಿದ್ದರು. ತೇಲಲೆಂದು ಗಾಳಿ ತುಂಬಿದ ಕುರಿಯ ಮೂತ್ರಕೋಶವೊಂದನ್ನು ಹಗ್ಗದಿಂದ ಬಿಗಿದು, ವಾಯವ್ಯದ ಗಾಳಿ ಏಳುವವರೆಗೆ ಕಾದು ನೀರಿಗೆ ಬಿಡುತ್ತಿದ್ದರು. ಎಷ್ಟೋ ದೋಣಿಗಳು ಸ್ಕಾಟ್ಲೆಂಡಿನ ದಡ ಮುಟ್ಟಿದವು, ಕೆಲವು ನಾರ್ವೆಗೂ ಹೋದವು. ಸಿಕ್ಕವರು ಯಾರೋ ಏನೋ, ಆ ಪತ್ರವನ್ನು ತೆಗೆದು ಅಂಚೆಗೆ ಹಾಕುತ್ತಿದ್ದರು. 1885ರ ಬಿರುಗಾಳಿಗೆ ಬೆಳೆ ನಾಶವಾದಾಗಲೂ ಸುದ್ದಿ ಹೊರಬಿದ್ದದ್ದು ಹೀಗೆಯೇ. ಇಷ್ಟೊಂದು ಜಾಣ್ಮೆ ಇದ್ದರೂ ಈ ಅಂಚೆ ಹೋಗುವ ದಾರಿಯದ್ದು ಮಾತ್ರ. ಕಡಲ ಗಾಳಿ ಪತ್ರವನ್ನು ಒಯ್ಯುತ್ತಿತ್ತು, ಉತ್ತರವನ್ನು ತರುತ್ತಿರಲಿಲ್ಲ.

1900ರ ಸುಮಾರಿಗೆ ಹಿರ್ಟಾದಲ್ಲೂ ಅಂಚೆ ಕಚೇರಿ ತೆರೆಯಿತು. ಆದರೆ ಚೀಲ ಹೊರುವ ಹಡಗು ಬೇಕಲ್ಲ? ಬೇಸಿಗೆಯಲ್ಲಿ ಪ್ರವಾಸಿಗರ ಉಗಿಹಡಗುಗಳು ಟಪಾಲನ್ನೂ ತರುತ್ತಿದ್ದವು. ಚಳಿಗಾಲದಲ್ಲಿ ಮೀನುಗಾರಿಕೆಯ ಟ್ರಾಲರುಗಳು ಆ ಕಡೆ ಹಾಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೊದಲ ಮಹಾಯುದ್ಧದಲ್ಲಿ ನೌಕಾಪಡೆಯ ತುಕಡಿಯೊಂದು ಬಂದು ನೆಲೆಸಿದಾಗಲೇ ಟಪಾಲೂ ದಿನಸಿಯೂ ಕ್ರಮವಾಗಿ ಬರತೊಡಗಿದ್ದು. ಯುದ್ಧ ಮುಗಿಯಿತು, ತುಕಡಿ ಹೋಯಿತು, ಅದರೊಂದಿಗೆ ಹಡಗೂ ಹೋಯಿತು. ಇಲ್ಲಿ ಜನಸಂಖ್ಯೆಯನ್ನು ಗಮನಿಸಬೇಕು. 1852ರಲ್ಲಿ 36 ಮಂದಿ ಆಸ್ಟ್ರೇಲಿಯಾಕ್ಕೆ ಹೊರಟುಹೋದ ಮೇಲೆ, ಎಳೆಗೂಸುಗಳು ಧನುರ್ವಾಯುವಿಗೆ ಬಲಿಯಾಗುತ್ತಿದ್ದ ದಶಕಗಳಲ್ಲೂ ಊರು ಹೆಚ್ಚುಕಡಿಮೆ ಎಪ್ಪತ್ತರ ಆಸುಪಾಸಿನಲ್ಲೇ ನಿಂತಿತ್ತು. 1920ರಲ್ಲಿ 73 ಇದ್ದವರು 1928ರ ಹೊತ್ತಿಗೆ 37ಕ್ಕೆ ಇಳಿದರು. ಎಂಟೇ ವರ್ಷದಲ್ಲಿ ಅರ್ಧ ಊರು.

ಹೊರಗಿನ ನಂಟೇ ಅವರನ್ನು ಕೆಡಿಸಿತು, ಪ್ರವಾಸಿಗರ ಹಣ ಮತ್ತು ಪೇಟೆಯ ಸುದ್ದಿ ಹುಡುಗರನ್ನು ಎಳೆದೊಯ್ದವು ಎಂದು ವಾದಿಸುವವರಿದ್ದಾರೆ. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಸೈನಿಕರ ಜೊತೆ ಬೆರೆತ ಯುವಕರು ಬೇರೆ ಬದುಕನ್ನು ಕಂಡಿದ್ದರು. ಆದರೆ ಪ್ರವಾಸಿ ಹಡಗುಗಳು ಬರತೊಡಗಿದ್ದು 1870ರ ದಶಕದಲ್ಲೇ. ನಂಟೇ ಕಾರಣವಾಗಿದ್ದರೆ ಊರು ನಲವತ್ತು ವರ್ಷ ಕಾಯುತ್ತಿರಲಿಲ್ಲ. ದೂರವೇ ಕೊಂದಿತು ಎನ್ನುವವರು ದಕ್ಷಿಣ ಅಟ್ಲಾಂಟಿಕ್‌ನ ಟ್ರಿಸ್ಟನ್ ಡ ಕುನ್ಹಾವನ್ನು ನೋಡಲಿ. ಅದಕ್ಕೆ ಹತ್ತಿರದ ಜನವಸತಿ ಸೇಂಟ್ ಹೆಲೆನಾ, ಅದೂ 2,400 ಕಿಲೋಮೀಟರಿಗಿಂತ ದೂರ. 1961ರಲ್ಲಿ ಜ್ವಾಲಾಮುಖಿ ಸಿಡಿದು ಇಡೀ ಊರನ್ನು ಇಂಗ್ಲೆಂಡಿಗೆ ಸಾಗಿಸಿದರೂ, ಬಹುತೇಕರು 1963ರಲ್ಲಿ ಮರಳಿದರು. 1952ರಿಂದ ಆ ದ್ವೀಪದ ಹೆಸರು ಹೊತ್ತ ಅಂಚೆಚೀಟಿಗಳಿವೆ, ಸಂಗ್ರಾಹಕರು ಕೊಳ್ಳುವ ಆ ಚೀಟಿಗಳಿಂದ ಊರಿಗೆ ವರಮಾನವೂ ಇದೆ. ಲಾಬ್‌ಸ್ಟರ್ ಹಿಡಿಯುವ ಉದ್ಯಮವೂ ಅವರ ಕೈಹಿಡಿದಿದೆ, ಹಾಗಾಗಿ ಎಲ್ಲ ಶ್ರೇಯಸ್ಸನ್ನೂ ಅಂಚೆಗೆ ಕೊಡಲಾಗದು. ಆದರೂ ಆ ಉದ್ಯಮ ನಡೆಯಲೂ ಕೇಪ್‌ಟೌನಿನಿಂದ ಹಡಗು ಬರಬೇಕು, ಅದೇ ಹಡಗಿನಲ್ಲಿ ಟಪಾಲೂ ಬರುತ್ತದೆ. ಇನ್ನು ಹಿರ್ಟಾಕ್ಕೆ 1913ರಲ್ಲೇ ನಿಸ್ತಂತು ಬಂದಿತ್ತಲ್ಲ ಎಂದು ಕೇಳಬಹುದು. ಕೂಗನ್ನು ಅದು ಮುಟ್ಟಿಸೀತು. ಔಷಧಿಯ ಪೊಟ್ಟಣವನ್ನೋ ಊರು ಬಿಟ್ಟ ಮಗ ಕಳಿಸಿದ ಹಣವನ್ನೋ ಹೊತ್ತು ತರಲು ಅದಕ್ಕೆ ಸಾಧ್ಯವಿರಲಿಲ್ಲ.

1930ರ ಮೇ 10ರಂದು ದ್ವೀಪದ ಇಪ್ಪತ್ತು ಮಂದಿ ಒಂದು ಪತ್ರಕ್ಕೆ ಸಹಿ ಹಾಕಿದರು. ದುಡಿಯುವ ಗಂಡಾಳುಗಳು ಸಾಲದಾಗಿದ್ದಾರೆ, ಇನ್ನೊಂದು ಚಳಿಗಾಲ ಇಲ್ಲಿ ಇರಲಾರೆವು, ನಮ್ಮನ್ನು ಕರೆದೊಯ್ಯಿರಿ ಎಂದು ಸರ್ಕಾರಕ್ಕೆ ಬರೆದ ಬೇಡಿಕೆ ಅದು. ಈ ಕಾಗದಕ್ಕೆ ಉತ್ತರ ಬಂತು. ಆಗಸ್ಟ್ 29ರ ಬೆಳಿಗ್ಗೆ, ಮನೆ ಮನೆಯಲ್ಲೂ ತೆರೆದ ಬೈಬಲ್ ಮತ್ತು ಒಂದಿಷ್ಟು ಓಟ್ಸ್ ಕಾಳು ಇಟ್ಟು, ಉಳಿದಿದ್ದ 36 ಮಂದಿ ಹೇರ್‌ಬೆಲ್ ಹಡಗು ಹತ್ತಿದರು.