ಹೊಳೆಗೂ ಕಡಲಿಗೂ ನಡುವಿನ ಬೆಂಗ್ರೆ

ದರಿಬಡಚಿಯ ನಮ್ಮ ಶಾಲೆಯ ಮಕ್ಕಳಲ್ಲಿ ಕಡಲನ್ನು ಕಂಡವರು ವಿರಳ. ಭೂಗೋಲದ ಪಾಠಕ್ಕಾಗಿ ಕಪ್ಪುಹಲಗೆಯ ಮೇಲೆ ನಾವು ಮಂಗಳೂರಿನ ನಕಾಶೆ ಬರೆದಾಗ ಒಬ್ಬ ಬಾಲಕಿ ಎದ್ದು ಕೇಳಿದಳು: “ಸರ, ಹೊಳಿ ಸಮುದ್ರದ ಮಗ್ಗಲಿಗೇ ಬಂದೈತಿ. ನೆಟ್ಟಗ ಒಳಗ ಹೋಗೂದ ಬಿಟ್ಟು ದಂಡಿಗುಂಟ ಯಾಕ ಹರಿತೈತ್ರಿ?”

ಅವಳು ಬೆರಳಿಟ್ಟು ತೋರಿಸಿದ್ದು ಗುರುಪುರ ಹೊಳೆಯನ್ನು. ಫಲ್ಗುಣಿ ಎಂಬುದು ಅದರ ಇನ್ನೊಂದು ಹೆಸರು. ಕಡಲ ಸಮೀಪಕ್ಕೆ ಬಂದ ಈ ಹೊಳೆ ತೆಂಕಣಕ್ಕೆ ತಿರುಗಿ, ನೇತ್ರಾವತಿಯನ್ನು ಕೂಡಿಕೊಂಡು, ಒಂದೇ ಅಳಿವೆಯಿಂದ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಅಳಿವೆಯ ಬಡಗಣಕ್ಕೆ ತಣ್ಣೀರುಬಾವಿ ಮತ್ತು ಬೆಂಗ್ರೆ. ತೆಂಕಣಕ್ಕೆ ಉಳ್ಳಾಲದ ಕೋಟೆಪುರ. ಎರಡೂ ಕಡೆ ನೀಳವಾದ ಮರಳಿನ ನಾಲಗೆಯೊಂದು ಹೊಳೆಯನ್ನೂ ಕಡಲನ್ನೂ ಅಗಲಿಸಿ ನಿಂತಿದೆ. ಇಂಥ ನೆಲಕ್ಕೆ ಕರಾವಳಿಯವರು ಬೆಂಗ್ರೆಯೆನ್ನುತ್ತಾರೆ. ಉಡುಪಿಯ ಕಡೆ, ಸುವರ್ಣಾ ಮತ್ತು ಸೀತಾ ನದಿಗಳ ಅಳಿವೆಯಲ್ಲಿ, ಕೋಡಿಬೆಂಗ್ರೆಯೆಂಬ ಊರೇ ಇದೆ.

ಇದನ್ನು ಕಟ್ಟಿದವರಾರು? ಹೊಳೆ ಘಟ್ಟದಿಂದ ಉಸುಕನ್ನು ತರುತ್ತದೆ. ಅಲೆಗಳು ದಂಡೆಗೆ ಓರೆಯಾಗಿ ಬಡಿದು ಆ ಉಸುಕನ್ನು ದಂಡೆಗುಂಟ ಸಾಗಿಸುತ್ತವೆ. ನೀರಿನ ವೇಗ ತಗ್ಗಿದಲ್ಲಿ ಅದು ನೆಲೆಗೊಳ್ಳುತ್ತದೆ. ಮಳೆಯಾದ ಮೇಲೆ ಹಳ್ಳದ ತಿರುವಿನಲ್ಲಿ ಉಸುಕು ಕೂಡುವುದನ್ನು ಕಂಡ ನಮ್ಮ ಮಕ್ಕಳಿಗೆ ಇದು ಬೇಗನೆ ತಿಳಿಯಿತು.

ಈ ಮರಳಿನ ಮರೆಯಲ್ಲಿಯೇ ಮಂಗಳೂರಿನ ಹಳೆಯ ಬಂದರು ಬೆಳೆಯಿತು. 16ನೆಯ ಶತಮಾನದಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರನ್ನು ಇದಿರಿಸಿದ್ದು ಈ ಅಳಿವೆಯ ಮಗ್ಗಲಿನಲ್ಲಿ. ವೈರಿಯ ಹಡಗುಗಳು ಹೊಳೆಯನ್ನು ಹೊಗದಂತೆ 1784ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಸುಲ್ತಾನ್ ಬತ್ತೇರಿ ತಣ್ಣೀರುಬಾವಿಗೆ ಎದುರಾಗಿ ಇಂದಿಗೂ ನಿಂತಿದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನಮ್ಮ ಸೀಮೆಯ ಹಳೆಯ ಶಾಲೆಗಳ ಮಾಡಿನ ಮೇಲೆಯೂ ಕಾಣುವ ಮಂಗಳೂರು ಹೆಂಚಿನ ಹೆಸರು ಆ ಊರಿನಿಂದಲೇ ಬಂದುದು. ಆದರೆ ಮರೆ ಕೊಟ್ಟ ಮರಳೇ ಅಡ್ಡಿಯೂ ಆಯಿತು. ಅಳಿವೆಯ ಆಳ ಸಾಲದೆ ದೊಡ್ಡ ಹಡಗುಗಳು ಹೊರಗಿನ ಕಡಲಿನಲ್ಲಿಯೇ ನಿಲ್ಲಬೇಕಾಗುತ್ತಿತ್ತು. ಸರಕನ್ನು ದೋಣಿಗಳು ಸಾಗಿಸುತ್ತಿದ್ದವು. ಕೊನೆಗೆ ಪಣಂಬೂರಿನಲ್ಲಿ ನವಮಂಗಳೂರು ಬಂದರು ನಿರ್ಮಾಣಗೊಂಡು, 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು.

ಮೀನುಗಾರರ ದೋಣಿಗಳಿಗೆ ಅಳಿವೆಯ ದಾರಿ ಮಾತ್ರ ಬೇಕೇ ಇತ್ತು. ಆದುದರಿಂದ 1990ರ ದಶಕದಲ್ಲಿ ಅದರ ಎರಡೂ ಬದಿಗೆ ಕಡಲೊಳಕ್ಕೆ ಕಲ್ಲಿನ ತಡೆಗೋಡೆಗಳನ್ನು ಚಾಚಿದರು. ದೋಣಿಗಳಿಗೆ ಅನುಕೂಲವಾಯಿತು; ಉಸುಕಿನ ನಡೆಗೆ ತಡೆಯಾಯಿತು. ಬೆಂಗ್ರೆಯ ಬದಿಗೆ ಮರಳು ಕೂಡತೊಡಗಿತು, ಉಳ್ಳಾಲದ ಬದಿಗೆ ಕಡಲು ದಂಡೆಯನ್ನು ಕೊರೆಯತೊಡಗಿತು. ಅಲ್ಲಿ ತೆಂಗಿನ ಮರಗಳು ಉರುಳಿದವು, ಮನೆಗಳು ಕುಸಿದವು. ಅಲೆಯ ಬಿರುಸು ತಗ್ಗಿಸಲು 2011ರ ನಂತರ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ನೆರವಿನಿಂದ ಕಡಲೊಳಗೆ ಕೃತಕ ದಿಬ್ಬಗಳನ್ನು ಕಟ್ಟಬೇಕಾಯಿತು.

ಕಡಲಿಲ್ಲದ ನಮಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ನಮ್ಮ ಹಳ್ಳದ ಉಸುಕು ಲಾರಿಯೇರಿ ಹೋದರೆ ಮಗ್ಗಲಿನ ಬಾವಿಯ ನೀರು ಇಳಿಯುತ್ತದೆ. ಉಸುಕನ್ನು ಒಂದೆಡೆ ತಡೆದರೂ, ತೆಗೆದರೂ, ಅದರ ಲೆಕ್ಕವನ್ನು ಬೇರೊಂದೆಡೆ ಯಾರೋ ತೀರಿಸಬೇಕಾಗುತ್ತದೆ. ಇದನ್ನು ನಾವು ಹಲಗೆಯ ಮೇಲೆ ಬರೆಯುವ ಮೊದಲೇ ಆ ಬಾಲಕಿ ಮತ್ತೆ ಕೇಳಿದ್ದಳು: “ಗ್ವಾಡಿ ಕಟ್ಟೂ ಮುಂದ ಉಳ್ಳಾಲದ ಮಂದೀನ ಕೇಳಿದ್ರೇನ್ರೀ ಸರ?”