ವಾದಿಯಲ್ಲಿ ಟೆಂಟು, ತಲೆ ಮೇಲೆ ಗುಡುಗು

ಒಮಾನಿನಲ್ಲಿದ್ದೀನಿ ಅಂದ್ರೆ ಊರಲ್ಲಿ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ಸೆಕೆ ಎಷ್ಟು? ಒಂಟೆ ಮೇಲೆ ಕೂತಿದ್ಯಾ? ಮಳೆ ಬಗ್ಗೆ ಯಾರೂ ಕೇಳಲ್ಲ. ಕೇಳೋದಾದ್ರೂ ಯಾಕೆ? ಮಸ್ಕತ್‌ನಲ್ಲಿ ವರ್ಷಕ್ಕೆ ಬೀಳೋ ಮಳೆ ಸುಮಾರು 100 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ 7000 ದಾಟುತ್ತೆ. ಅಂದ್ರೆ ಇಲ್ಲಿನ ಇಡೀ ವರ್ಷದ ಮಳೆಯನ್ನು ಆಗುಂಬೆ ಜುಲೈ ತಿಂಗಳಲ್ಲಿ ಒಂದೇ ದಿನದಲ್ಲಿ ಸುರಿದು, ಸಂಜೆ ಕಾಫಿಗೆ ಕೂರಬಹುದು.

ಇದೇ ಲೆಕ್ಕ ನಮ್ಮ ಕನ್ನಡಿಗರ ತಲೆ ಕೆಡಿಸೋದು. ಇಲ್ಲಿ ಕರಾವಳಿಯವರು ಜಾಸ್ತಿ. ಉಡುಪಿ, ಕುಂದಾಪುರ, ಭಟ್ಕಳ, ಮಂಗಳೂರು. ಹುಟ್ಟಿದಾಗಿಂದ ಜಡಿಮಳೆ ನೋಡಿದವರು. ಅವರ ಹತ್ರ ಹೋಗಿ "ನಾಳೆ ಮಳೆ ಎಚ್ಚರಿಕೆ ಇದೆಯಂತೆ" ಅಂದ್ರೆ ಮೀನು ಮಾರುಕಟ್ಟೆಯಲ್ಲಿ ಮೀನಿನ ವಾಸನೆ ಬರ್ತಿದೆ ಅಂದಷ್ಟೇ ಆಶ್ಚರ್ಯ ಪಡ್ತಾರೆ :-)

ಹೋದ ವರ್ಷ ಚಳಿಗಾಲದ ಕೊನೆಗೆ ನಾವು ನಾಲ್ಕು ಫೋರ್ ವೀಲ್ ಕಾರು, ಹದಿನೈದು ಜನ (ನಾಲ್ಕು ಮಕ್ಕಳು ಸೇರಿ) ಕ್ಯಾಂಪಿಂಗ್ ಹೊರಟಾಗ ಆಗಿದ್ದೂ ಇದೇ. ಶುಕ್ರವಾರ, ಶನಿವಾರ ಇಲ್ಲಿ ವಾರಾಂತ್ಯ. (2013ಕ್ಕೆ ಮುಂಚೆ ಗುರುವಾರ, ಶುಕ್ರವಾರ ಇತ್ತಂತೆ. ಹಳಬರು ಈಗಲೂ ಬಾಯಿತಪ್ಪಿ ಗುರುವಾರ ರಜಾ ಅಂತಾರೆ.) ಹೊರಟಿದ್ದು ವಾದಿ ಅರ್ಬಯೀನ್ ಕಡೆ. ಮಸ್ಕತ್‌ನಿಂದ ಸೂರ್‌ಗೆ ಹೋಗೋ ಹೆದ್ದಾರಿಯಲ್ಲಿ ಕುರಿಯಾತ್ ದಾಟಿದ ಮೇಲೆ ಎಡಕ್ಕೆ ಸಮುದ್ರ, ಬಲಕ್ಕೆ ಹಜರ್ ಬೆಟ್ಟಗಳು. ಬಲಕ್ಕೆ ತಿರುಗಿ ಜಲ್ಲಿ ದಾರಿ ಹಿಡಿದರೆ ಬೆಟ್ಟದ ಸೀಳಿನೊಳಕ್ಕೆ ಹೋಗ್ತೀವಿ. ದಾರಿ ಅಂದ್ರೆ ಅರ್ಧ ದಾರಿ, ಅರ್ಧ ಹೊಳೆಯ ಪಾತ್ರವೇ. ಒಳಗೆ ಹಸಿರು ನೀರಿನ ಹೊಂಡಗಳು, ಖರ್ಜೂರದ ಮರಗಳು. ಚಳಿಗಾಲದಲ್ಲಿ ಟೆಂಟು ಹಾಕೋಕೆ ಇದಕ್ಕಿಂತ ಚೆಂದದ ಜಾಗ ಬೇಕಿಲ್ಲ.

ವಾದಿ ಅನ್ನೋ ಪದಕ್ಕೆ ಕಣಿವೆ, ಒಣ ನದಿ ಅಂತೆಲ್ಲ ಹೇಳ್ತಾರೆ. ನನಗೆ ಕೇಳಿದ್ರೆ ನಮ್ಮ "ಹಳ್ಳ"ವೇ ಸರಿಯಾದ ಪದ. ವರ್ಷದ ಮುನ್ನೂರೈವತ್ತು ದಿನ ಕಲ್ಲು, ಉಳಿದ ಕೆಲವು ದಿನ ನೀರು. ಇಲ್ಲಿಯವರ ಮಾತಿನಲ್ಲೂ ವಾದಿ "ಬರುತ್ತದೆ", "ಇಳಿಯುತ್ತದೆ". ನಮ್ಮಲ್ಲಿ "ಹಳ್ಳ ಬಂತು" ಅನ್ನಲ್ವಾ, ಹಾಗೇ.

ಹೊರಡೋ ದಿನ ಬೆಳಿಗ್ಗೆಯೇ ಹವಾಮಾನ ಇಲಾಖೆಯ ಸೂಚನೆ ಫೋನಿಗೆ ಬಂದಿತ್ತು. ಹಜರ್ ಬೆಟ್ಟಗಳ ಮೇಲೆ ಗುಡುಗು ಮಳೆ, ವಾದಿಗಳಲ್ಲಿ ನೀರು ಬರಬಹುದು, ಹುಷಾರು ಅಂತ. ಗುಂಪಿನ ಸಂಚಾಲಕರು ಕುಂದಾಪುರದ ಕಡೆಯವರು, ನಮಗೆಲ್ಲ ಅಣ್ಣ. ಮೇಲೆ ನೋಡಿದರು. ನೀಲಿ ಆಕಾಶ. "ಎಂತ ಮಾರಾಯಾ, ಇದೆಲ್ಲ ಒಂದು ಮಳೆಯಾ? ಎರಡು ಹನಿ ಬಿದ್ರೆ ಇವರಿಗೆ ಶಾಲೆಗೆ ರಜೆ" ಅಂದರು. ಎಲ್ಲರೂ ನಕ್ಕರು. ಹೊರಟಿತು ದಂಡು.

ಮಧ್ಯಾಹ್ನ ಮೂರಕ್ಕೆ ಹೊಂಡದ ಪಕ್ಕ, ಮೆತ್ತನೆ ಮರಳಿನ ಮೇಲೆ ಟೆಂಟಿನ ಗೂಟ ಹೊಡೆಯೋಕೆ ಶುರು ಮಾಡಿದ್ವಿ. ಗ್ಯಾಸ್ ಒಲೆ ಇಳೀತು, ಮ್ಯಾರಿನೇಟ್ ಮಾಡಿದ ಕೋಳಿ ಇಳೀತು, ಮಕ್ಕಳು ನೀರಿಗೆ ಇಳಿದರು. ಒಬ್ಬರು ಮಾತ್ರ ಗೂಟ ಮುಟ್ಟದೆ ಒಂದು ಮುಳ್ಳಿನ ಮರದ ಕೆಳಗೆ ನಿಂತು ಮೇಲಕ್ಕೆ ನೋಡ್ತಾ ಇದ್ದರು. ನವಲಗುಂದ ಕಡೆಯ ಸಿವಿಲ್ ಇಂಜಿನಿಯರ್, ಇಲ್ಲಿ ರಸ್ತೆ ಕೆಲಸ ಮಾಡಿಸೋರು. "ಏನ್ರಿ ಇದು, ಈ ಕಸಾ ಅಷ್ಟ್ ಮ್ಯಾಲೆ ಹೆಂಗ ಹೋತು?" ಅಂದರು.

ನೋಡಿದ್ರೆ ಹೌದು. ನನ್ನ ತಲೆಗಿಂತ ಎರಡು ಅಡಿ ಮೇಲೆ, ಕೊಂಬೆಗಳ ನಡುವೆ ಒಣ ಖರ್ಜೂರದ ಗರಿ, ಹರಿದ ಪ್ಲಾಸ್ಟಿಕ್, ಒಂದು ಮಗುವಿನ ಚಪ್ಪಲಿ. ಎಲ್ಲವೂ ಒಂದೇ ದಿಕ್ಕಿಗೆ ಬಾಚಿದ ಕೂದಲಿನ ಹಾಗೆ ಬಾಗಿತ್ತು. ಯಾರೂ ಕೈಯಾರೆ ಸಿಕ್ಕಿಸಿದ್ದಲ್ಲ. ಹಿಂದಿನ ಸಲ ಬಂದ ನೀರು ಬಿಟ್ಟುಹೋದ ಗುರುತು.

ಅಲ್ಲಿ ಶುರುವಾಯ್ತು ವಾದ. ಅಣ್ಣನ ಮಾತು: ಮಳೆ ಬಂದ್ರೆ ಎದ್ದು ಹೋದ್ರಾಯ್ತು. ನವಲಗುಂದದವರ ಮಾತು: ಮಳಿ ಇಲ್ಲಿ ಬರೂದೇ ಬ್ಯಾಡ್ರಿ. ಅವರು ಬೆಣ್ಣಿಹಳ್ಳದ ಕತೆ ತೆಗೆದರು. ಮೇಲೆಲ್ಲೋ ಶಿಗ್ಗಾವಿ, ಹುಬ್ಬಳ್ಳಿ ಕಡೆ ಮಳೆ ಆದ್ರೆ ಕೆಳಗೆ ನವಲಗುಂದದ ಹೊಲದಲ್ಲಿ ಬಿಸಿಲು ಕಾಯ್ತಾ ಇರುವಾಗಲೇ ಹಳ್ಳ ತುಂಬಿ ಬರುತ್ತೆ. ದನ ಮೇಯಿಸ್ತಾ ಇದ್ದವರು ಆಚೆ ದಡದಲ್ಲಿ ಸಿಕ್ಕಿಬೀಳ್ತಾರೆ. ನನಗೆ ಆಗ ಹೊಳೀತು ನೋಡಿ. ನಮ್ಮ ಗುಂಪಿನಲ್ಲಿ ಒಮಾನಿನ ಮಳೆ ಅರ್ಥವಾಗಿದ್ದು ಅತಿ ಹೆಚ್ಚು ಮಳೆ ಕಂಡವರಿಗಲ್ಲ, ಬರಗಾಲದ ಸೀಮೆಯವರಿಗೆ!

ಕಾರಣ ಕಷ್ಟದ್ದೇನಲ್ಲ. ನಮ್ಮ ಮಲೆನಾಡಿನಲ್ಲಿ ಕಾಡಿದೆ, ಮಣ್ಣಿದೆ, ಮಳೆಯನ್ನು ಒಂದಿಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತೆ. ಹಜರ್ ಬೆಟ್ಟ ಅಂದ್ರೆ ಬರೀ ಬಂಡೆ. ಮೇಲೆ ಹುಲ್ಲಿಲ್ಲ, ಮಣ್ಣಿಲ್ಲ. ಬಿದ್ದ ಹನಿ ಹಾಗೇ ಜಾರುತ್ತೆ. ನೂರಾರು ಸಣ್ಣ ಸೀಳುಗಳ ನೀರು ಒಂದೇ ಇಕ್ಕಟ್ಟಾದ ಸೀಳಿಗೆ ಬಂದು ಸೇರುತ್ತೆ. ಹತ್ತಾರು ಕಿಲೋಮೀಟರ್ ಆಚೆ ಬೆಟ್ಟದ ತಲೆ ಮೇಲೆ ಒಂದು ಗಂಟೆ ಸುರಿದರೆ ಸಾಕು, ಕೆಳಗೆ ಒಣಗಿದ ಕಲ್ಲಿನ ಮೇಲೆ ಗೋಡೆಯಂತೆ ನೀರು ಬರುತ್ತೆ. ಜೊತೆಗೆ ಕಲ್ಲು, ಮರದ ಬೊಡ್ಡೆ, ಕೆಲವೊಮ್ಮೆ ಕಾರು.

ಕೊನೆಗೆ ಟೆಂಟು ಕಿತ್ತಿದ್ದು ಯಾರ ವಾದ ಗೆದ್ದದ್ದಕ್ಕಲ್ಲ. ಹೆಂಗಸರು ಆ ಮಗುವಿನ ಚಪ್ಪಲಿ ನೋಡಿ ಸಾಮಾನು ಎತ್ತೋಕೆ ಶುರು ಮಾಡಿದರು, ಅಷ್ಟೇ. ಎರಡು ಮಹಡಿ ಎತ್ತರದ ಜಲ್ಲಿ ದಿಬ್ಬವೊಂದಿತ್ತು, ಕಾರು ಹತ್ತುವಂಥದ್ದು. ಮರಳಿಲ್ಲ, ನೆರಳಿಲ್ಲ, ಗೂಟ ಹೊಡೆದರೆ ಕಲ್ಲಿಗೆ ಬಡಿದು ಬಾಗುತ್ತೆ. ಅಣ್ಣ ಗೊಣಗುತ್ತಲೇ ಕೋಳಿ ಹೊತ್ತು ಹತ್ತಿದರು.

ಇಲ್ಲಿ ಒಂದು ಮಾತು ಹೇಳಬೇಕು. ಒಮಾನಿಗೆ ಮಳೆ ಒಂದೇ ದಾರಿಯಿಂದ ಬರಲ್ಲ. ಚಳಿಗಾಲದಲ್ಲಿ ಪಶ್ಚಿಮದಿಂದ ಬರೋ ವಾಯುಭಾರ ಕುಸಿತಗಳು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಹಜರ್ ನೆತ್ತಿಯಲ್ಲಿ ಏಳೋ ಮೋಡಗಳು, ಇವಕ್ಕೆ ಇಲ್ಲಿಯವರು ರವಾಯಿಹ್ ಅಂತಾರೆ. ದಕ್ಷಿಣದ ಸಲಾಲಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖರೀಫ್, ಅದು ಮಡಿಕೇರಿಯ ಮಂಜು ನೆನಪಿಸೋ ಜಿಟಿಜಿಟಿ, ಪಾಪದ ಮಳೆ. ಇವೆಲ್ಲದರ ಮೇಲೆ ಚಂಡಮಾರುತ.

ಆ ರಾತ್ರಿ ದಿಬ್ಬದ ಮೇಲೆ ಬೆಂಕಿ ಹಾಕಿ ಕೂತಾಗ ಗುಂಪಿನ ಹಿರಿಯರೊಬ್ಬರು 2007ರ ಗೋನು ಬಗ್ಗೆ ಹೇಳಿದರು. ಅವರು ಆಗ ಮಸ್ಕತ್‌ನಲ್ಲಿದ್ದರು. ಜೂನ್ ಮೊದಲ ವಾರ. ಅರಬ್ಬಿ ಸಮುದ್ರದಲ್ಲಿ ಅಲ್ಲಿವರೆಗೆ ದಾಖಲಾದ ಚಂಡಮಾರುತಗಳಲ್ಲೇ ಅತಿ ಬಲವಾದದ್ದು. ಹೆಸರು ಕೊಟ್ಟಿದ್ದು ಮಾಲ್ಡೀವ್ಸ್. ಖುರುಂ ಪ್ರದೇಶ ಮುಳುಗಿತು, ವಾದಿಗಳು ರಸ್ತೆಗಳನ್ನೇ ಕಿತ್ತುಕೊಂಡು ಹೋದವು, ಒಮಾನಿನಲ್ಲಿ ಐವತ್ತರ ಹತ್ತಿರ ಜನ ಸತ್ತರು. ಅವರು ಹೇಳಿದ್ದರಲ್ಲಿ ನನ್ನ ಮನಸ್ಸಲ್ಲಿ ಉಳಿದಿದ್ದು ಇನ್ನೊಂದು. ಊರೆಲ್ಲ ನೀರು, ಕುಡಿಯೋಕೆ ನೀರಿಲ್ಲ. ಸಮುದ್ರದ ನೀರನ್ನು ಸಿಹಿ ಮಾಡೋ ಘಟಕಗಳು ನಿಂತುಹೋಗಿದ್ದವು. ಕೆಸರು ತುಂಬಿದ ಮನೆ ಮುಂದೆ ಕೊಡ ಹಿಡಿದು ಟ್ಯಾಂಕರಿಗೆ ಕಾಯ್ತಾ ಇದ್ರಂತೆ.

2021ರ ಅಕ್ಟೋಬರ್ 3ರಂದು ಬಂದ ಶಾಹೀನ್ ಕತೆ ಇನ್ನೂ ವಿಚಿತ್ರ. ಅದು ಹುಟ್ಟಿದ್ದು ಈ ಕಡೆ ಅಲ್ಲವೇ ಅಲ್ಲ. ಬಂಗಾಳ ಕೊಲ್ಲಿಯ ಗುಲಾಬ್ ಚಂಡಮಾರುತ ಸೆಪ್ಟೆಂಬರ್ 26ಕ್ಕೆ ಆಂಧ್ರದ ಕರಾವಳಿಗೆ ಬಡಿದು, ಇಡೀ ಭಾರತವನ್ನು ನಡೆದು ದಾಟಿ, ಅರಬ್ಬಿ ಸಮುದ್ರಕ್ಕೆ ಇಳಿದು, ಮತ್ತೆ ಉಸಿರು ತುಂಬಿಕೊಂಡು, ಹೆಸರು ಬದಲಿಸಿಕೊಂಡು ಒಮಾನಿಗೆ ಬಂತು. ನಮ್ಮ ಹಾಗೇ ವಲಸೆ! ಅಲ್ ಖಾಬೂರಾದಲ್ಲಿ 369 ಮಿಲಿಮೀಟರ್ ಮಳೆ ದಾಖಲಾಯ್ತು. ಅಂದ್ರೆ ಮೂರು ವರ್ಷಕ್ಕೂ ಹೆಚ್ಚಿನ ಮಳೆ ಹೆಚ್ಚುಕಮ್ಮಿ ಒಂದು ದಿನದಲ್ಲಿ.

ಕತೆ ಮುಗಿಯೋ ಹೊತ್ತಿಗೆ ಬೆಟ್ಟದ ಹಿಂದೆ ಸದ್ದಿಲ್ಲದ ಮಿಂಚು ಶುರುವಾಗಿತ್ತು. ಹನ್ನೊಂದಕ್ಕೆ ಗಾಳಿ ಬಂತು. ಮೊದಲು ಹೋಗಿದ್ದು ಅಡುಗೆಯ ಟಾರ್ಪಾಲು, ಆಮೇಲೆ ಎರಡು ಟೆಂಟು. ಮಕ್ಕಳನ್ನು ಕಾರಿನೊಳಗೆ ತುಂಬಿದ್ವಿ. ಆಮೇಲೆ ಮಳೆ, ಒಂದು ನಲವತ್ತು ನಿಮಿಷ. ನಿಜ ಹೇಳ್ಬೇಕಂದ್ರೆ ಜೋರೇನಲ್ಲ, ತುಮಕೂರಿನಲ್ಲೂ ಇದಕ್ಕಿಂತ ಜೋರು ಬರುತ್ತೆ. ಅಣ್ಣ ಕಾರಿನ ಗಾಜು ಇಳಿಸಿ "ಇಷ್ಟೇಯಾ?" ಅಂತ ಕೂಗಿದರು. ಮಳೆ ನಿಂತಿತು, ನಕ್ಷತ್ರವೂ ಕಾಣಿಸಿತು.

ವಾದಿ ಬಂದಿದ್ದು ಅದಾಗಿ ಒಂದೂವರೆ ಗಂಟೆ ಮೇಲೆ. ನೀರಿನ ಸದ್ದು ಅಂತ ಅನ್ನಿಸಲೇ ಇಲ್ಲ, ದೂರದಲ್ಲಿ ಗೂಡ್ಸ್ ರೈಲು ಬಂದ ಹಾಗೆ. (ಒಮಾನಿನಲ್ಲಿ ರೈಲಿಲ್ಲ.) ಟಾರ್ಚ್ ಬಿಟ್ಟು ನೋಡಿದ್ರೆ ಕೆಳಗೆ ಕಂದು ಬಣ್ಣದ ಏನೋ ಉರುಳ್ತಾ ಇದೆ, ಒಳಗೆ ಕಲ್ಲುಗಳು ಒಂದಕ್ಕೊಂದು ಬಡಿದು ಗಡಗಡ ಅಂತಿವೆ. ಮಧ್ಯಾಹ್ನ ನಾವು ಮೊದಲು ಗೂಟ ಹೊಡೆದ ಜಾಗ ಎಲ್ಲಿತ್ತು ಅಂತ ಗುರುತು ಹಿಡಿಯೋಕಾಗಲಿಲ್ಲ. ಯಾರೂ ಮಾತಾಡಲಿಲ್ಲ. ಅಣ್ಣನೂ ಕೂಡ.

ಅಸಲಿ ಪರೀಕ್ಷೆ ಇದ್ದದ್ದು ಶನಿವಾರ. ಬಿಸಿಲು ಬಂದಿತ್ತು, ಒಣ ಅವಲಕ್ಕಿ ಮುಗಿದಿತ್ತು, ಹೊರಗೆ ಹೋಗೋ ದಾರಿಯ ಮೇಲೆ ಇನ್ನೂ ತೊಡೆಮಟ್ಟ ನೀರು ಓಡ್ತಿತ್ತು. ಭಾನುವಾರ ಬೆಳಿಗ್ಗೆ ನನಗೊಂದು ಸಾಫ್ಟ್‌ವೇರ್ ರಿಲೀಸ್ ಇತ್ತು. ದಿಬ್ಬದ ತುದಿಯಲ್ಲಿ ಮಾತ್ರ ಸಿಗೋ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಆಫೀಸಿಗೆ ಹೇಳಿದೆ, ಆ ಕಡೆಯಿಂದ ಬಂದ ಉತ್ತರ ಇಲ್ಲಿ ಬರೆಯೋದು ಬೇಡ. ಅದು ದೊಡ್ಡ ವಿಷಯ ಅಲ್ಲ. ದೊಡ್ಡ ವಿಷಯ ಅಂದ್ರೆ ಮಧ್ಯಾಹ್ನದ ಹೊತ್ತಿಗೆ ಅಣ್ಣನ ಎರಡು ವರ್ಷದ ಮಗಳಿಗೆ ಜ್ವರ ಬಂತು. 102.

ಅದೇ ಹೊತ್ತಿಗೆ ಒಂದು ಪಿಕಪ್ ಗಾಡಿ ಆ ನೀರಿಗಿಳಿದು, ಓಲಾಡಿ, ದಾಟಿಯೂ ಹೋಯ್ತು. ಅದಕ್ಕೆ ಏನೂ ಆಗಲಿಲ್ಲ. ಇದು ತುಂಬಾ ಕೆಟ್ಟ ಉದಾಹರಣೆ. ಒಂದು ವೇಳೆ ಅದು ಮಗುಚಿದ್ದರೆ ನಮ್ಮ ವಾದ ಸುಲಭವಾಗ್ತಿತ್ತು. ಅಣ್ಣನ ಕೈಯಲ್ಲಿ ಕೀ ಇತ್ತು. "ಅವನ ಗಾಡಿ ಹೋದ್ರೆ ನಂದು ಯಾಕೆ ಹೋಗುದಿಲ್ಲ?" ಈ ಸಲ ಅದು ಜಂಬದ ಮಾತಾಗಿರಲಿಲ್ಲ, ಅಪ್ಪನ ಮಾತಾಗಿತ್ತು. ಹಾಗಾಗಿ ತಡೆಯೋದು ಹೆಚ್ಚು ಕಷ್ಟ.

ನವಲಗುಂದದವರು ಲೆಕ್ಕ ಹೇಳಿದರು. ಓಡೋ ನೀರು ಒಂದು ಅಡಿ ಇದ್ರೆ ಸಣ್ಣ ಕಾರು ತೇಲೋಕೆ ಶುರು. ಎರಡು ಅಡಿ ಇದ್ರೆ ದೊಡ್ಡ ಗಾಡಿಗಳೂ ಹೆಚ್ಚಿನವು ನೆಲ ಬಿಡ್ತಾವೆ. ಭಾರ ಇದ್ದಷ್ಟೂ ಗಟ್ಟಿ ಅನ್ನೋದು ತಪ್ಪು, ಕಾರು ಒಂದು ಮುಚ್ಚಿದ ಡಬ್ಬ. ಅದೂ ಅಲ್ಲದೆ ನಿನ್ನೆ ಇದ್ದ ದಾರಿ ಕೆಳಗೆ ಇನ್ನೂ ಇದೆಯೋ, ಕೊಚ್ಚಿಹೋಗಿದೆಯೋ ಈ ಕಂದು ನೀರಲ್ಲಿ ಕಾಣಲ್ಲ. ಡಾಂಬರು ರಸ್ತೆಗಳಲ್ಲಿ ವಾದಿ ದಾಟೋ ಕಡೆ ಕೆಂಪು ಬಿಳಿ ಕಂಬ ನಿಲ್ಲಿಸಿರ್ತಾರೆ, ನೀರು ಕೆಂಪಿಗೆ ಮುಟ್ಟಿದ್ರೆ ನಿಲ್ಲಬೇಕು. ಇಲ್ಲಿ ಕಂಬವೂ ಇಲ್ಲ. ಹರಿಯೋ ವಾದಿಗೆ ಬೇಕಂತಲೇ ಗಾಡಿ ಇಳಿಸಿದ್ರೆ ಒಮಾನಿನಲ್ಲಿ ಜೈಲು, ದಂಡ ಎರಡೂ ಇದೆ. ಸುಮ್ಮನೆ ಮಾಡಿದ ಕಾನೂನಲ್ಲ. 2024ರ ಏಪ್ರಿಲ್ 14ರಂದು ಸಮದ್ ಅಲ್ ಶಾನ್‌ನಲ್ಲಿ ಶಾಲಾ ಮಕ್ಕಳಿದ್ದ ವಾಹನ ವಾದಿಯ ಪಾಲಾಗಿ ಹಲವು ಮಕ್ಕಳು ಸತ್ತಿದ್ದು ಇಲ್ಲಿ ಯಾರೂ ಮರೆತಿಲ್ಲ.

ಅಣ್ಣನಿಗೆ ಇದ್ಯಾವುದೂ ಕಿವಿಗೆ ಬೀಳ್ತಿರಲಿಲ್ಲ. ಆಗ ಮಂಗಳೂರಿನ ಅಕ್ಕ, ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್, ಮಗುವಿನ ಕಂಕುಳಿಂದ ಥರ್ಮಾಮೀಟರ್ ತೆಗೆದು ಹೇಳಿದರು: "ಜ್ವರದ ಮದ್ದು ನನ್ನ ಹತ್ರ ಉಂಟು. ಮಗು ನೀರು ಕುಡೀತಾ ಉಂಟು, ಉಚ್ಚೆ ಹೊಯ್ದಿದೆ. ಬೆಳಗ್ಗೆವರೆಗೆ ನೋಡುವ. ಫಿಟ್ಸ್ ಬಂದ್ರೆ 9999ಕ್ಕೆ ಫೋನು ಮಾಡುವ, ಪೊಲೀಸರ ಹೆಲಿಕಾಪ್ಟರ್ ಬರ್ತದೆ. ನೀವು ಕೀ ಇಲ್ಲಿ ಕೊಡಿ."

ಕೊಟ್ಟರು.

ರಾತ್ರಿಯಿಡೀ ಪಾಳಿ ಹಾಕಿಕೊಂಡ್ವಿ. ಒಬ್ಬರು ಒದ್ದೆ ಬಟ್ಟೆ, ಒಬ್ಬರು ಗಂಟೆಗೊಮ್ಮೆ ಕೆಳಗಿಳಿದು ನೀರಿನಂಚಿಗೆ ಕಲ್ಲು ಜೋಡಿಸಿ ಬರೋದು, ಎಷ್ಟು ಇಳಿದಿದೆ ಅಂತ ಅಳೆಯೋಕೆ. ನನ್ನ ಪಾಳಿ ಎರಡರಿಂದ ನಾಲ್ಕು. ನಾನು ಇಟ್ಟ ಎರಡು ಕಲ್ಲುಗಳ ನಡುವೆ ಒಂದು ಗೇಣು ಅಂತರ ಇತ್ತು. ಮಳೆಗಾಗಿ ಆಕಾಶ ನೋಡೋ ಬಯಲುಸೀಮೆಯಿಂದ ಬಂದವನು ನಾನು. ನೀರು ಕಮ್ಮಿಯಾಗಲಿ ಅಂತ ಬೇಡಿಕೊಂಡಿದ್ದು ಜೀವನದಲ್ಲಿ ಅದೇ ಮೊದಲು.

ಬೆಳಗಿನ ಜಾವ ಮಗು ಬೆವರಿತು. ಏಳಕ್ಕೆ ಎದ್ದು ಬಿಸ್ಕತ್ತು ಕೇಳಿತು, ಬಿಸ್ಕತ್ತು ಇರಲಿಲ್ಲ. ಹತ್ತರ ಹೊತ್ತಿಗೆ ನೀರು ಕಣಕಾಲಿಗಿಳಿದಿತ್ತು. ನವಲಗುಂದದವರು ಪ್ಯಾಂಟು ಮಡಚಿ, ಕೋಲು ಹಿಡಿದು, ಮೊದಲು ನಡೆದು ದಾಟಿದರು. ಎರಡು ಕಡೆ ದಾರಿ ಕೊರೆದುಹೋಗಿತ್ತು, ಅರ್ಧ ಗಂಟೆ ಕಲ್ಲು ತುಂಬಿದ್ವಿ. ಆಮೇಲೆ ಒಂದೊಂದೇ ಕಾರು. ಅಣ್ಣನ ಕಾರು ಮೊದಲು, ಸ್ಟಿಯರಿಂಗ್ ಮೇಲೆ ಅಕ್ಕ.

ಹೆದ್ದಾರಿ ಸೇರಿದ ಮೇಲೆ ಮೊದಲು ಸಿಕ್ಕ ಪೆಟ್ರೋಲ್ ಬಂಕಿನ ಹೋಟೆಲಲ್ಲಿ ಹದಿನೈದು ಜನ ಪರೋಟ, ಚಾಯ್ ಕರಕ್ ಅಂತ ಮುಗಿಬಿದ್ವಿ. ಚಾಯ್ ತಂದ ಮಲಯಾಳಿ ಹುಡುಗ ನಮ್ಮ ಕೆಸರು ಬಟ್ಟೆ ನೋಡಿ "ಮಳೆಯಾ?" ಅಂತ ಕೇಳಿದ. ಅಣ್ಣ ತಲೆ ಎತ್ತದೆ, "ಹೌದು, ಮಳೆ" ಅಂದರು.