ದೂರದ ಬೆಟ್ಟದ ಹೋಟೆಲು: ಒಂದು ಲೆಕ್ಕಾಚಾರ

ಮುಂಬಯಿವಾಸಿಯಾದ ಕನ್ನಡಿಗನಿಗೆ ಮಾಥೇರಾನ್ ಅಪರಿಚಿತವಲ್ಲ. ಮಕ್ಕಳ ಪರೀಕ್ಷೆ ಮುಗಿದು, ಊರಿಗೆ ಹೋಗುವ ರೈಲಿನ ಟಿಕೇಟು ದೊರೆಯದ ವರ್ಷಗಳಲ್ಲಿ, ಎರಡು ದಿನಗಳ ಮಟ್ಟಿಗಾದರೂ ಬೆಟ್ಟದ ಗಾಳಿ ಸೇವಿಸಿ ಬರೋಣವೆಂದು ಹೊರಡುವ ಸಂಸಾರಗಳು ನಮ್ಮಲ್ಲಿ ಅನೇಕ. ಹಾಗೆ ಹೋದವರಲ್ಲಿ ಒಬ್ಬರಾದರೂ ರವಿವಾರದ ಮಧ್ಯಾಹ್ನ ಅಲ್ಲಿಯ ಪೇಟೆಯ ಜನಜಂಗುಳಿಯನ್ನು ಕಂಡು, “ಇಲ್ಲೊಂದು ಉಡುಪಿ ಹೋಟೆಲು ಹಾಕಿದರೆ ಹೇಗೆ?” ಎಂದು ಕೇಳದೆ ಮರಳುವುದಿಲ್ಲ.

ಇದೇ ಪ್ರಶ್ನೆಯನ್ನು ಹೊತ್ತು ಹಿರಿಯರೊಬ್ಬರು ಕೆಲಕಾಲದ ಹಿಂದೆ ನನ್ನ ಮೇಜಿನೆದುರು ಬಂದು ಕುಳಿತರು. ಉಪನಗರದ ಹೋಟೆಲೊಂದರಲ್ಲಿ ಕ್ಲೀನರ್ ಹುಡುಗನಾಗಿ ಸೇರಿ, ಸಪ್ಲಾಯರ್ ಆಗಿ, ಕೊನೆಗೆ ಗಲ್ಲೆಯ ಮೇಲೆ ಕುಳಿತು ಮೂವತ್ತು ವರ್ಷ ದುಡಿದವರು. ಕೈಯಲ್ಲಿದ್ದುದು ಜೀವಮಾನದ ಉಳಿತಾಯ. ಸಾಲದ್ದಕ್ಕೆ ಪತ್ನಿಯ ಒಡವೆಗಳನ್ನು ಅಡವಿಡುವ ಸಿದ್ಧತೆ. ಬೆಟ್ಟದ ಮೇಲೆ ಒಂದು ಉಪಾಹಾರಗೃಹ ಬಾಡಿಗೆಗೆ ಬಂದಿದೆಯೆಂದೂ, ಮುಂಗಡವನ್ನು ಹದಿನೈದು ದಿನಗಳಲ್ಲಿ ಕೊಡಬೇಕೆಂದೂ ಹೇಳಿದರು. “ಜನ ಜಾತ್ರೆಯ ಹಾಗೆ ಸೇರ್ತಾರೆ ಮಾರಾಯ್ರೇ, ಕೂತುಕೊಳ್ಳಲಿಕ್ಕೆ ಜಾಗ ಇಲ್ಲ” ಎಂಬುದು ಅವರ ವಾದ. ಅದೇ ಜಾಗದಲ್ಲಿ ಆರು ವರ್ಷಗಳೊಳಗೆ ಮೂವರು ಬಾಡಿಗೆದಾರರು ಬದಲಾಗಿದ್ದರೆಂಬುದನ್ನೂ ಅವರೇ ತಿಳಿಸಿದರು. ಅಷ್ಟು ಜನ ಬರುವ ಕಡೆ ಹೋಟೆಲು ಏಕೆ ನಿಲ್ಲುವುದಿಲ್ಲ? ವೈದ್ಯರ ಲೇಖನಗಳಿರುವ ಈ ಸಂಚಿಕೆಯಲ್ಲಿ ವ್ಯಾಪಾರದ ಆರೋಗ್ಯವನ್ನು ಕುರಿತೂ ಎರಡು ಪುಟವಿದ್ದರೆ ತಪ್ಪಾಗಲಾರದೆಂದು, ಅಂದು ಅವರಿಗೆ ವಿವರಿಸಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಊರಿನ ಸ್ವರೂಪ

ಮಾಥೇರಾನ್ ರಾಯಗಡ ಜಿಲ್ಲೆಯ ಕರ್ಜತ್ ತಾಲೂಕಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. 1850ರಲ್ಲಿ ಠಾಣೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟ್ ಎಂಬ ಆಂಗ್ಲ ಅಧಿಕಾರಿ ಇದನ್ನು ಗಿರಿಧಾಮವೆಂದು ಗುರುತಿಸಿದನು. ಪೀರ್‌ಭಾಯ್ ಮನೆತನದವರು ತಮ್ಮ ಹಣದಿಂದ ಕಟ್ಟಿಸಿದ ನೇರಳ–ಮಾಥೇರಾನ್ ಪುಟ್ಟ ರೈಲು 1907ರಲ್ಲಿ ಓಡತೊಡಗಿತು. ಊರೊಳಗೆ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಅವು ದಸ್ತೂರಿ ನಾಕಾದಲ್ಲಿಯೇ ನಿಲ್ಲಬೇಕು. 2003ರಲ್ಲಿ ಕೇಂದ್ರ ಸರಕಾರವು ಈ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿತು. ಆದ್ದರಿಂದ ಮರ ಕಡಿದು ಕಟ್ಟಡ ಬೆಳೆಸುವುದು ಸುಲಭವಲ್ಲ; ಅದು ಯೋಗ್ಯವೂ ಅಲ್ಲ. ವಾಹನಗಳ ಹೊಗೆಯಿಲ್ಲದ ಈ ಶಾಂತಿಯೇ ಊರಿನ ಬಂಡವಾಳ. ಆದರೆ ಪ್ರವಾಸಿಯನ್ನು ಆಕರ್ಷಿಸುವ ಈ ಗುಣವೇ ಹೋಟೆಲು ನಡೆಸುವವನ ಖರ್ಚಿನ ಮೂಲವೂ ಹೌದು.

ಊರಿನ ಖಾಯಂ ಜನಸಂಖ್ಯೆ 2011ರ ಜನಗಣತಿಯಂತೆ ನಾಲ್ಕೂವರೆ ಸಾವಿರದೊಳಗೆ. ಇದು ಮುಖ್ಯವಾದ ಸಂಗತಿ. ನಮ್ಮ ಮಡಿಕೇರಿಯೂ ಗಿರಿಧಾಮವೇ. ಆದರೆ ಅದು ಜಿಲ್ಲಾ ಕೇಂದ್ರ. ಕಚೇರಿ, ನ್ಯಾಯಾಲಯ, ಶಾಲೆ-ಕಾಲೇಜುಗಳಿವೆ. ಪ್ರವಾಸಿ ಬಾರದ ದಿನವೂ ಗುಮಾಸ್ತರು ಕಾಫಿಗೆ ಬರುತ್ತಾರೆ, ಕಕ್ಷಿಗಾರರು ಊಟಕ್ಕೆ ಬರುತ್ತಾರೆ. ಮಾಟುಂಗಾದಲ್ಲಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಹೆಸರುವಾಸಿಯಾಗಿ ಉಳಿದಿದೆ. ಅಂತಹ ಭೋಜನಗೃಹಗಳನ್ನು ಬೆಳೆಸಿದವರು ಮತ್ತೆ ಮತ್ತೆ ಬರುವ ಗಿರಾಕಿಗಳು. ಹೋಟೆಲಿಗೆ ಅನ್ನದಾತನೆಂದರೆ ನಿತ್ಯದ ಗಿರಾಕಿ; ಮಾಥೇರಾನಿನಲ್ಲಿ ಅವನೇ ಇಲ್ಲ. ಇಂದು ಬಂದು ಮೆಚ್ಚಿ ಹೋದ ಪ್ರವಾಸಿ ಮತ್ತೆ ಬರುವುದು ಮುಂದಿನ ವರ್ಷ, ಬಂದರೆ.

ಜನರಲ್ಲ, ದಿನಗಳು

ಬೆಟ್ಟದ ವ್ಯಾಪಾರದಲ್ಲಿ ಎಣಿಸಬೇಕಾದುದು ಜನರನ್ನಲ್ಲ, ದಿನಗಳನ್ನು. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿ ಧಾರಾಕಾರ ಮಳೆ. ನೇರಳದಿಂದ ಬರುವ ರೈಲು ಆ ತಿಂಗಳುಗಳಲ್ಲಿ ನಿಲ್ಲುತ್ತದೆ. ಮಳೆ ನೋಡಲು ಶನಿವಾರ, ರವಿವಾರಗಳಂದು ತರುಣರು ಬರುವುದುಂಟು. ಅವರು ನೆನೆದು, ಬಿಸಿ ಭಜಿ ತಿಂದು, ಚಹಾ ಕುಡಿದು ಸಂಜೆಗೆ ಇಳಿದುಹೋಗುತ್ತಾರೆ. ಉಳಿದ ಎಂಟು ತಿಂಗಳುಗಳ ವಾರಾಂತ್ಯಗಳು ಸುಮಾರು 70 ದಿನ. ಬೇಸಿಗೆ ರಜೆ, ದೀಪಾವಳಿ, ಕ್ರಿಸ್‌ಮಸ್ ದಿನಗಳನ್ನು ಉದಾರವಾಗಿ ಸೇರಿಸಿದರೂ ಒಳ್ಳೆಯ ವ್ಯಾಪಾರದ ದಿನಗಳು 120ಕ್ಕಿಂತ ಹೆಚ್ಚಾಗಲಾರವು. ಬಾಡಿಗೆಯನ್ನಂತೂ 365 ದಿನಗಳಿಗೂ ತೆರಬೇಕು.

ದಿನದೊಳಗೂ ಇದೇ ಕಥೆ. ರಾತ್ರಿ ತಂಗುವ ಪ್ರವಾಸಿಗಳಲ್ಲಿ ಬಹುಮಂದಿ ಊಟೋಪಚಾರ ಸೇರಿದ ದರದ ಕೋಣೆಯನ್ನೇ ಹಿಡಿಯುತ್ತಾರೆ. ಹಣ ತೆತ್ತಾದ ಮೇಲೆ ಹೊರಗೆ ಏಕೆ ಉಣ್ಣಬೇಕು? ಬೆಳಿಗ್ಗೆ ಬಂದು ಸಂಜೆಗೆ ಮರಳುವವರು ದಾರಿಯ ವಡಾಪಾವ್, ಸುಟ್ಟ ಮೆಕ್ಕೆಜೋಳ, ನಿಂಬೆ ಶರಬತ್ತುಗಳಿಂದಲೇ ಅರ್ಧ ಹೊಟ್ಟೆ ತುಂಬಿಸಿಕೊಂಡಿರುತ್ತಾರೆ. ಹೀಗೆ ಸ್ವತಂತ್ರ ಉಪಾಹಾರಗೃಹದ ಪಾಲಿಗೆ ಉಳಿಯುವುದು ಮಧ್ಯಾಹ್ನ ಒಂದರಿಂದ ಮೂರರವರೆಗಿನ ಎರಡು ಗಂಟೆ. ನಮ್ಮ ಹಿರಿಯರು ಕಂಡು ಬೆರಗಾದ ಜಾತ್ರೆ ಆ ಎರಡು ಗಂಟೆಗಳದ್ದು.

ಹೊರೆಯ ಹಾದಿ

ನೇರಳದಲ್ಲಿ ಕೊಂಡ ಅಕ್ಕಿಯ ಮೂಟೆ ದಸ್ತೂರಿಯವರೆಗೆ ವಾಹನದಲ್ಲಿ ಬರುತ್ತದೆ. ಅಲ್ಲಿ ಇಳಿಸಿ, ಕುದುರೆಯ ಬೆನ್ನಿಗೋ ಕೈಗಾಡಿಗೋ ಕೂಲಿಯ ತಲೆಗೋ ಏರಿಸಿ, ಸುಮಾರು ಎರಡೂವರೆ ಕಿಲೋಮೀಟರ್ ಸಾಗಿಸಬೇಕು. ಅನಿಲದ ಸಿಲಿಂಡರು, ಎಣ್ಣೆಯ ಡಬ್ಬಿ, ಹಾಲು, ತರಕಾರಿ ಎಲ್ಲಕ್ಕೂ ಇದೇ ಗತಿ. ಖಾಲಿ ಸಿಲಿಂಡರು ಮರಳಿ ಇಳಿಯುವಾಗಲೂ ಕೂಲಿ ತೆರಬೇಕು. 2022ರ ಡಿಸೆಂಬರಿನಲ್ಲಿ ಪ್ರಾಯೋಗಿಕವಾಗಿ ವಿದ್ಯುತ್ ರಿಕ್ಷಾಗಳು ಬಂದವು. 2025ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮನುಷ್ಯರು ಎಳೆಯುವ ರಿಕ್ಷಾಗಳನ್ನು ಆರು ತಿಂಗಳೊಳಗೆ ನಿಲ್ಲಿಸಬೇಕೆಂದು ಆದೇಶಿಸಿತು. ಮನುಷ್ಯನ ಮರ್ಯಾದೆಯ ದೃಷ್ಟಿಯಿಂದ ಇದು ಸ್ವಾಗತಾರ್ಹ. ಆದರೆ ಪ್ರವಾಸಿಯ ದಣಿವು ಕಡಿಮೆಯಾದ ಮಾತ್ರಕ್ಕೆ ಅಡುಗೆಮನೆಯ ಸಾಗಾಣಿಕೆಯ ಖರ್ಚು ಇಳಿಯಿತೆಂದು ತಿಳಿಯಬಾರದು. ಕೆಳಗಿಗಿಂತ ಮೇಲೆ ಬೆಲೆ ಹೆಚ್ಚೆಂದು ಗೊಣಗುವ ಪ್ರವಾಸಿ, ತನ್ನ ತಟ್ಟೆಯ ಅನ್ನ ಯಾರ ತಲೆಯ ಮೇಲೆ ಬಂದಿತೆಂಬುದನ್ನು ಒಮ್ಮೆ ನೆನೆಯುವುದೊಳ್ಳೆಯದು.

ಒಂದು ಉದಾಹರಣೆ

ಲೆಕ್ಕದ ಸೌಕರ್ಯಕ್ಕಾಗಿ 40 ಕುರ್ಚಿಗಳ ಎರಡು ಉಪಾಹಾರಗೃಹಗಳನ್ನು ಕಲ್ಪಿಸಿಕೊಳ್ಳೋಣ; ಒಂದು ನಗರದಲ್ಲಿ, ಇನ್ನೊಂದು ಬೆಟ್ಟದಲ್ಲಿ. ಅಂಕಿಗಳು ಕಲ್ಪಿತ, ತತ್ತ್ವ ಮಾತ್ರ ನಿಜ.

ನಗರದಲ್ಲಿ ಬಾಡಿಗೆ, ಸಂಬಳ, ಬಡ್ಡಿಗಳೆಂಬ ಸ್ಥಿರ ವೆಚ್ಚ ತಿಂಗಳಿಗೆ 3 ಲಕ್ಷ, ವರ್ಷಕ್ಕೆ 36 ಲಕ್ಷ ರೂಪಾಯಿ ಎನ್ನೋಣ. 100 ರೂಪಾಯಿಯ ಬಿಲ್ಲಿನಲ್ಲಿ ಸಾಮಾನು, ಇಂಧನಗಳಿಗೆ 40 ಹೋದರೆ 60 ಉಳಿಯುತ್ತದೆ. ಹಾಗಾದರೆ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಿಲ್ಲಲು ವರ್ಷಕ್ಕೆ 60 ಲಕ್ಷದ ಮಾರಾಟ ಬೇಕು. 360 ದಿನ ನಡೆಸಿದರೆ ದಿನಕ್ಕೆ ಸುಮಾರು 16,700. ತಲೆಗೆ 100 ರೂಪಾಯಿಯಂತೆ 167 ಗಿರಾಕಿಗಳು. ಅಂದರೆ ಒಂದೊಂದು ಕುರ್ಚಿಯೂ ನಾಲ್ಕು ಸಲ ತುಂಬಿದರೆ ಸರಿಸುಮಾರು ಸಾಕು. ಬೆಳಗಿನ ಇಡ್ಲಿಯಿಂದ ರಾತ್ರಿಯ ಊಟದವರೆಗೆ ಹದಿನಾರು ಗಂಟೆಗಳಲ್ಲಿ ಇದು ಕಷ್ಟವಲ್ಲ.

ಬೆಟ್ಟದಲ್ಲಿ ಬಾಡಿಗೆ ಕಡಿಮೆ. ಸ್ಥಿರ ವೆಚ್ಚ ತಿಂಗಳಿಗೆ 1,80,000, ವರ್ಷಕ್ಕೆ 21,60,000 ಎನ್ನೋಣ. ಸಾಗಾಣಿಕೆ ಸೇರಿ 100ಕ್ಕೆ 50 ಖರ್ಚಾದರೆ ಬೇಕಾದ ಮಾರಾಟ 43,20,000. ಸಪ್ಪೆಯ 245 ದಿನಗಳಲ್ಲಿ ದಿನಕ್ಕೆ 4,000ದಂತೆ 9,80,000 ಬಂದಿತೆನ್ನೋಣ. ಉಳಿದ 33,40,000ವನ್ನು 120 ದಿನಗಳಲ್ಲಿ ಗಳಿಸಬೇಕು. ದಿನಕ್ಕೆ ಸುಮಾರು 28,000. ತಲೆಗೆ 150 ರೂಪಾಯಿಯಂತೆ ಹಿಡಿದರೂ 186 ಜನ. ಪ್ರತಿ ಕುರ್ಚಿಯೂ ನಾಲ್ಕೂವರೆ ಸಲಕ್ಕಿಂತ ಹೆಚ್ಚು ತುಂಬಬೇಕು. ಅದೂ ಬಹುಪಾಲು ಆ ಎರಡು ಗಂಟೆಗಳಲ್ಲಿ! ಸಂಸಾರಸಮೇತ ಬಂದವರು ಊಟಕ್ಕೆ ಕುಳಿತರೆ ಮುಕ್ಕಾಲು ಗಂಟೆ ಏಳುವುದಿಲ್ಲ. ಎರಡು ಗಂಟೆಗಳಲ್ಲಿ ಒಂದು ಕುರ್ಚಿ ಮೂರು ಸಲ ತುಂಬುವುದೇ ಕಷ್ಟ. “ಕೂತುಕೊಳ್ಳಲಿಕ್ಕೆ ಜಾಗ ಇಲ್ಲ” ಎಂಬ ಆ ಹೊತ್ತಿನಲ್ಲಿಯೂ ಹೋಟೆಲು ನಷ್ಟದಲ್ಲಿ ಇರಬಹುದೆಂಬುದು ಹೀಗೆ. ಕುರ್ಚಿಗಳನ್ನು ಹೆಚ್ಚಿಸೋಣವೆಂದರೆ ಜಾಗದ ಬಾಡಿಗೆ, ಕೆಲಸಗಾರರ ಸಂಬಳಗಳು ವರ್ಷವಿಡೀ ಹೆಚ್ಚುತ್ತವೆ.

ಬಡ್ಡಿಗೆ ರಜೆಯಿಲ್ಲ

ಬೇಸಿಗೆಯಲ್ಲಿ ಗಲ್ಲೆ ತುಂಬಿದಾಗ ಅದನ್ನೆಲ್ಲ ಲಾಭವೆಂದು ಭಾವಿಸುವುದು ಹೊಸಬರ ದೊಡ್ಡ ತಪ್ಪು. ಅದರಲ್ಲಿ ಬಹುಭಾಗ ಮಳೆಗಾಲದ ನಾಲ್ಕು ತಿಂಗಳುಗಳ ಬಾಡಿಗೆ, ಸಂಬಳ, ಸಾಲದ ಕಂತುಗಳಿಗೆ ಸೇರಿದ್ದು. ಮಳೆ ಬಂದರೆ ಗಿರಾಕಿಗೆ ರಜೆ, ಬಡ್ಡಿಗೆ ರಜೆಯಿಲ್ಲ. ಭಟ್ಟರನ್ನು ಮಳೆಗಾಲದಲ್ಲಿ ಬಿಡಿಸಿದರೆ ಅಕ್ಟೋಬರಿನಲ್ಲಿ ಅದೇ ಕೈ ಮರಳಿ ಸಿಗುವುದಿಲ್ಲ. ಇಟ್ಟುಕೊಂಡರೆ ಕುಳಿತಲ್ಲಿಗೆ ಸಂಬಳ. ಕೈಯ ರುಚಿ ಬದಲಾದೊಡನೆ ಹೋಟೆಲಿನ ಹೆಸರೂ ಹೋಗುತ್ತದೆ.

ಇದಲ್ಲದೆ ದೈವಾಧೀನವಾದ ಅಪಾಯಗಳೂ ಇವೆ. 2005ರ ಜುಲೈ 26ರ ಮಹಾಮಳೆಯಲ್ಲಿ ರೈಲುಹಾದಿ ಕೊಚ್ಚಿಹೋಗಿ, ಸಂಚಾರ ಮತ್ತೆ ಆರಂಭವಾದುದು 2007ರಲ್ಲಿ. 2016ರ ಮೇ ತಿಂಗಳಲ್ಲಿ ಡಬ್ಬಿಗಳು ಹಳಿ ತಪ್ಪಿದ ಕಾರಣ ರೈಲು ದೀರ್ಘಕಾಲ ನಿಂತಿತು. 2019ರ ಮಳೆಯಿಂದ ಕೆಟ್ಟ ನೇರಳದ ಹಾದಿ ತೆರೆದುದು 2022ರ ಅಕ್ಟೋಬರಿನಲ್ಲಿ. ನಡುವೆ 2020ರಲ್ಲಿ ಕೋವಿಡ್ ನಿರ್ಬಂಧಗಳು ಬೇಸಿಗೆಯ ವ್ಯಾಪಾರವನ್ನೇ ನುಂಗಿದವು. ಕೊಡಗಿನಲ್ಲಿ 2018ರ ಆಗಸ್ಟಿನ ಭೂಕುಸಿತದ ಬಳಿಕ ಪ್ರವಾಸಿಗಳು ಬಾರದಾದಾಗ ಅಲ್ಲಿಯವರೂ ಇಂತಹ ಕಷ್ಟವನ್ನೇ ಅನುಭವಿಸಿದರು. ಒಂದು ಬೇಸಿಗೆ ತಪ್ಪಿದರೆ ಒಂದು ವರ್ಷ ತಪ್ಪಿದಂತೆ.

ಗಿರಾಕಿಯ ಆರೋಗ್ಯ

ವ್ಯಾಪಾರದ ಕಾಯಿಲೆ ಗಿರಾಕಿಯ ಹೊಟ್ಟೆಗೂ ತಗಲುವುದುಂಟು. ನಾಳೆ ಇಪ್ಪತ್ತು ಜನ ಬರುವರೋ ಇನ್ನೂರು ಬರುವರೋ ತಿಳಿಯದೆ ಹಿಟ್ಟು ರುಬ್ಬಬೇಕಾದವನಿಗೆ ಮಿಕ್ಕದ್ದನ್ನು ಚೆಲ್ಲಲು ಮನಸ್ಸು ಬಾರದು. ಬೇಯಿಸಿದ ಅನ್ನವನ್ನು ಹೊರಗೆ ಬಹುಕಾಲ ಇಟ್ಟರೆ ಅದರಲ್ಲಿ ಬೆಳೆಯುವ ಬೇಸಿಲಸ್ ಸೀರಿಯಸ್ ಎಂಬ ಜೀವಾಣುವಿನ ಒಂದು ಬಗೆಯ ವಿಷವು ಮತ್ತೆ ಬಿಸಿಮಾಡಿದರೂ ನಾಶವಾಗುವುದಿಲ್ಲ; ವಾಂತಿಗೆ ಕಾರಣವಾಗುತ್ತದೆ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದಕ್ಕೂ ಮಿತಿಯುಂಟು. ಅದರಲ್ಲಿ ಹುಟ್ಟುವ ಅಹಿತಕರ ಅಂಶಗಳು ನೂರಕ್ಕೆ 25ನ್ನು ಮೀರಬಾರದೆಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ಆದುದರಿಂದ ಪ್ರವಾಸಿಗಳು ಉದ್ದನೆಯ ಪಟ್ಟಿಯ ಬಡ ಹೋಟೆಲಿಗಿಂತ, ನಾಲ್ಕೇ ಪದಾರ್ಥಗಳನ್ನು ಬಿಸಿಯಾಗಿ ಕೊಡುವ ಚಿಕ್ಕ ಅಂಗಡಿಯನ್ನು ಆರಿಸಿಕೊಳ್ಳುವುದು ಲೇಸು.

ಉಳಿದವರು ಹೇಗೆ ಉಳಿಯುತ್ತಾರೆ?

ಇಂತಹ ಊರುಗಳಲ್ಲಿ ನೆಲೆಯೂರುವವರ ಲಕ್ಷಣಗಳು ಸ್ಪಷ್ಟ. ಜಾಗ ಸ್ವಂತದ್ದು, ಅಥವಾ ಬಾಡಿಗೆ ಹಳೆಯದು. ಅಡುಗೆಗೆ ಮನೆಯವರೇ. ಪದಾರ್ಥಗಳು ಕೆಲವೇ. ಕೋಣೆಗಳಿದ್ದರೆ ಊಟವೂ ಅವರದೇ. ಎಷ್ಟು ಎಲೆ ಹಾಕಬೇಕೆಂಬುದು ಹಿಂದಿನ ದಿನವೇ ಗೊತ್ತು. ಸಾಲ ಸ್ವಲ್ಪ, ಕೈಯಲ್ಲಿ ಮಳೆಗಾಲದ ಗಂಟು ಭದ್ರ. ಸ್ಥಿರ ವೆಚ್ಚವನ್ನು ಇಳಿಸಿದವನು ಉಳಿದ; ಜನಸಂದಣಿಯನ್ನು ನಂಬಿದವನು ಇಳಿದುಹೋದ. ಸಾಲ ಮಾಡಲೇಬೇಕಾದರೆ ಕಂತುಗಳು ಋತುವಿಗೆ ತಕ್ಕಂತೆ, ಬೇಸಿಗೆಯಲ್ಲಿ ಹೆಚ್ಚು ಮಳೆಗಾಲದಲ್ಲಿ ಕಡಿಮೆ ಬೀಳುವಂತೆ ಆರಂಭದಲ್ಲಿಯೇ ಬ್ಯಾಂಕನ್ನು ಕೇಳಿಕೊಳ್ಳಬೇಕು. ಕಂತು ತಪ್ಪಿದ ಮೇಲೆ ಕೇಳುವುದು ಬೇರೆ, ಮೊದಲೇ ಕೇಳುವುದು ಬೇರೆ.

ನಾನು ಆ ಹಿರಿಯರಿಗೆ ಬೇಡವೆಂದು ಹೇಳಲಿಲ್ಲ. ಮುಂಗಡ ಕೊಡುವ ಮುನ್ನ ಒಂದು ಬುಧವಾರ ಹೋಗಿ, ಆ ಉಪಾಹಾರಗೃಹದೆದುರು ಬೆಳಗಿನಿಂದ ರಾತ್ರಿಯವರೆಗೆ ಕುಳಿತು ಒಳಹೋದವರನ್ನು ಎಣಿಸಿಕೊಂಡು ಬನ್ನಿರೆಂದಷ್ಟೇ ಕೇಳಿಕೊಂಡೆ. ಮೂವತ್ತು ವರ್ಷ ಗಲ್ಲೆಯ ಮೇಲೆ ಕುಳಿತವರಿಗೆ ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವಿರಲಿಲ್ಲ. ಮರುದಿನ ಸಂಜೆ ಬಂದು ಒಂದು ಹಳೆಯ ಬಿಲ್ಲಿನ ಹಿಂಬದಿಯನ್ನು ನನ್ನ ಮುಂದಿಟ್ಟರು. ಪೆನ್ಸಿಲಿನ ಗೀರುಗಳು ಇಪ್ಪತ್ತಮೂರು. “ಇದರಲ್ಲಿ ಚಹಾ ಮಾತ್ರ ಕುಡಿದವರು ಒಂಬತ್ತು ಮಂದಿ” ಎಂದರು. ಒಡವೆಗಳು ಅವರ ಮನೆಯಲ್ಲಿಯೇ ಉಳಿದವು. ಈಗ ಅವರು ಉಪನಗರದ ನಿಲ್ದಾಣವೊಂದರ ಸಮೀಪ, ಹಳೆಯ ಸಹೋದ್ಯೋಗಿಯೊಡನೆ ಪಾಲುದಾರರಾಗಿ ಆರು ಮೇಜುಗಳ ಹೋಟೆಲು ನಡೆಸುತ್ತಿದ್ದಾರೆ. ಅಲ್ಲಿ ಬುಧವಾರವೂ ಜನ ಬರುತ್ತಾರೆ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಮಾಥೇರಾನಿಗೆ ಹೋಗಿರಿ, ಅಲ್ಲಿಯ ಗಾಳಿಯನ್ನು ಮನಸಾರೆ ಸೇವಿಸಿರಿ. ಸಾಧ್ಯವಾದರೆ ವಾರದ ನಡುವೆ ಹೋಗಿ ಅಲ್ಲಿಯ ಚಿಕ್ಕ ಹೋಟೆಲಿನಲ್ಲಿ ಒಂದು ಊಟ ಮಾಡಿರಿ. ಆದರೆ ಜೀವಮಾನದ ಗಂಟನ್ನು ಬಿಚ್ಚುವ ಮುನ್ನ ರವಿವಾರದ ಜನರನ್ನಲ್ಲ, ಬುಧವಾರದ ಕುರ್ಚಿಗಳನ್ನು ನೋಡಿ ಬನ್ನಿರಿ.